ನಾಳೆಯ ತಿದ್ದುಪಡಿ

ಕೆರೆಗೇರಿಯ ಭಾಗೀರಥಮ್ಮನ ಚಹಾದಂಗಡಿಯಲ್ಲಿ ಊರಿನ ದಿನಪತ್ರಿಕೆಯೂ ಅವಳ ಮೊಬೈಲೂ ಒಂದೇ ಮೇಜಿನ ಮೇಲಿದ್ದವು. ಪತ್ರಿಕೆಗೆ ಅಂದು ಬಹಳ ಬಿಗುಮಾನ. ಕೆರೆಗೇರಿಯ ನಲ್ಲಿ ನೀರನ್ನು ಧಾರಾಳವಾಗಿ ಕುಡಿಯಬಹುದೆಂದು ಅದು ಮುಖಪುಟದಲ್ಲೇ ಸಾರಿತ್ತು.

"ನಾನೀಗ ಅಂತರ್ಜಾಲದಲ್ಲೂ ಇದ್ದೇನೆ. ಪ್ರತಿ ಪುಟದ ಫೋಟೊ ನಿನ್ನೊಳಗೆ ಬಂದಿದೆ. ಇನ್ನೇನು ಬೇಕು?" ಎಂದಿತು ಪತ್ರಿಕೆ.

"ಬಂದಿದೆ, ಸ್ವಾಮಿ," ಎಂದಿತು ಮೊಬೈಲು. "ಆ ಫೋಟೊದ ಕೆಳಗೆ ಬೆಳಗಿನಿಂದ ಕೇರಿಯ ಜನ ಬರೆಯುತ್ತಿದ್ದಾರೆ. ಪೈಪು ಒಡೆದು ಚರಂಡಿ ನೀರು ಸೇರಿದೆಯಂತೆ, ಮಕ್ಕಳಿಗೆ ವಾಂತಿಯಂತೆ. ಓದಿದಿರಾ?"

"ಬರೆಯುವುದು ನಾನು, ಓದುವುದು ಅವರು. ನಮ್ಮಲ್ಲಿ ಕ್ರಮ ಅದು. ತಪ್ಪಿದ್ದರೆ ನಾಳೆ ಐದನೇ ಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇನೆ."

"ನಾಳೆಯವರೆಗೆ ಬಾಯಾರಿಕೆ ಕಾಯುತ್ತದೆಯೇ? ಕಾಗದದ ಮೇಲೆ ನೀವು ಅಚ್ಚಾಗಿ ಹೋಗಿದ್ದೀರಿ, ಸರಿ. ನನ್ನೊಳಗಿರುವ ನಿಮ್ಮನ್ನು ಈಗಲೇ ತಿದ್ದಬಹುದು. ಪೈಪು ಒಡೆದದ್ದನ್ನು ನೀರು ಬಿಡುವವರೂ ಒಪ್ಪಿಕೊಂಡಿದ್ದಾರೆ. ನೀವು ಹೂಂ ಅಂದರೆ ಸಾಕು."

ಅಷ್ಟರಲ್ಲಿ ಭಾಗೀರಥಮ್ಮ ಮುಖಪುಟದ ಮೇಲೆ ಕಣ್ಣಾಡಿಸಿ, ನೆಮ್ಮದಿಯಿಂದ ನಲ್ಲಿ ನೀರನ್ನು ಗಿರಾಕಿಗಳ ಲೋಟಗಳಿಗೆ ಬಗ್ಗಿಸಿದಳು. ಒಬ್ಬ ಮುದುಕ ಲೋಟ ಎತ್ತಿದ. ಬೇಡವೆಂದು ಕೂಗಬೇಕೆನಿಸಿತು ಪತ್ರಿಕೆಗೆ. ಆದರೆ ಅದರ ಮೈಮೇಲಿದ್ದದ್ದು ಒಂದೇ ಮಾತು, ಕುಡಿಯಬಹುದು.

"ಹೂಂ," ಎಂದಿತು.

ಮೊಬೈಲು ಸದ್ದು ಮಾಡಿತು. ಭಾಗೀರಥಮ್ಮ ಅದರಲ್ಲಿ ಬಂದ ತಿದ್ದುಪಡಿಯನ್ನು ಓದಿದವಳೇ ಮುದುಕನ ಕೈಯಿಂದ ಲೋಟ ಕಿತ್ತುಕೊಂಡಳು. ಮೇಜಿನ ಮೇಲೆ ಚೆಲ್ಲಿದ ನೀರನ್ನು ಕೈಗೆ ಸಿಕ್ಕ ಪತ್ರಿಕೆಯಿಂದಲೇ ಒರೆಸಿದಳು. ತಾನು ಬರೆದದ್ದರ ರುಚಿಯನ್ನು ಪತ್ರಿಕೆ ಅಂದೇ ಮೊದಲು ನೋಡಿತು.