ತಲೆದೆಸೆಯ ಊದಿನಕಡ್ಡಿ

ಆ ಮಧ್ಯಾಹ್ನ ಗದಿಗೆಪ್ಪ ಹೋದಷ್ಟೇ ಬೇಗ ಆಶ್ರಮಕ್ಕೆ ತಿರುಗಿ ಬಂದ. ಹೆಗಲ ಚೀಲದಲ್ಲಿ ಹತ್ತಿ, ಅರಿವೆ, ಗುಳಿಗೆ ಎಲ್ಲ ಇಟ್ಟದ್ದು ಇಟ್ಟ ಹಾಗೇ ಇದ್ದವು.

ಕಟ್ಟೆಯ ಮೇಲೆ ನಿಂಬೆವ್ವತಾಯಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಚೀಲದ ಕಡೆ ಒಮ್ಮೆ ನೋಡಿದಳು.

ಹೊಳೆದಂಡೆಯ ಆ ಆಶ್ರಮದಲ್ಲಿ ಪೂಜೆ ಕಡಿಮೆ, ತಿರುಗಾಟ ಹೆಚ್ಚು. ಇನ್ನು ನಮ್ಮ ಕೈಯಲ್ಲಿ ಆಗುವುದಿಲ್ಲ ಎಂದು ಪಟ್ಟಣದ ಆಸ್ಪತ್ರೆಯವರು ಮನೆಗೆ ಕಳಿಸಿದವರು ಸುತ್ತಲ ಊರುಗಳಲ್ಲಿ ಇರುತ್ತಿದ್ದರು. ತಾಯಿಯ ಶಿಷ್ಯರು ಅವರ ಮನೆಗೆ ಹೋಗಬೇಕು, ಹುಣ್ಣು ತೊಳೆಯಬೇಕು, ನೋವಿನ ಗುಳಿಗೆ ನುಂಗಿಸಬೇಕು, ಸ್ವಲ್ಪ ಹೊತ್ತು ಕೂತು ಬರಬೇಕು. ಆಗಾಗ ಒಬ್ಬ ನರ್ಸಮ್ಮ ಬಂದು ಕಲಿಸಿ ಹೋಗುತ್ತಿದ್ದಳು. ಅಲ್ಲಿಯ ಪಾಠ ಅಂದರೆ ಇಷ್ಟೇ.

ಗದಿಗೆಪ್ಪ ಇಲ್ಲಿಗೆ ಬರುವ ಮೊದಲು ಊರೂರು ತಿರುಗಿ ಪುರಾಣ ಹೇಳುತ್ತಿದ್ದವನು. ಸಾವಿನ ವಿಷಯ ಮಾತಾಡು ಎಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ತೊಳೆಯುವುದು, ಕಟ್ಟುವುದು ಸುಲಭವಾಗಿರಲಿಲ್ಲ. ಆದರೂ ಕಲಿತಿದ್ದ, ಚೆನ್ನಾಗಿಯೇ ಕಲಿತಿದ್ದ. ಅದಕ್ಕೇ ಇವತ್ತು ಅವನ ಮುಖ ಅಷ್ಟು ಸಪ್ಪಗಾಗಿತ್ತು.

"ಬರಮಪ್ಪ ನನ್ನ ಒಳಗ ಬಿಡವಲ್ಲ, ತಾಯಿ."

ಬರಮಪ್ಪ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದ ಅಂಬಿಗ. ಈಗ ಅವನ ಕೆನ್ನೆಯಲ್ಲಿ ಕ್ಯಾನ್ಸರ್ ಹುಣ್ಣು ಒಡೆದಿತ್ತು. ಮೂರು ಹೊತ್ತೂ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಗುಳಿಗೆ ಕೊಟ್ಟರೆ ಉಗುಳುತ್ತಾನೆ, ಅಂಬಲಿ ಮುಟ್ಟುವುದಿಲ್ಲ, ನೋವಿಗೆ ಹಲ್ಲು ಕಚ್ಚಿ ನರಳುತ್ತಾನೆ ಎಂದು ಅವನ ಹೆಂಡತಿ ಕಾಳವ್ವ ಹೊಸ್ತಿಲಲ್ಲಿ ನಿಂತು ಅತ್ತಿದ್ದಳು. ಗದಿಗೆಪ್ಪನಿಗೂ ಅಳು ಬಂದಿತ್ತು.

ಹಿಂದಿನ ಸಲ ಹೋದಾಗ ಏನು ಮಾಡಿದೆ ಎಂದು ತಾಯಿ ಕೇಳಿದಳು.

ಎಲ್ಲ ಸರಿಯಾಗಿಯೇ ಮಾಡಿದ್ದೆ ಎಂದ ಗದಿಗೆಪ್ಪ. ಹುಣ್ಣು ತೊಳೆದು ಅರಿವೆ ಕಟ್ಟಿದ್ದ. ಆದರೆ ನಾತ ತಡೆಯುವ ಹಾಗಿರಲಿಲ್ಲ, ನೋಡಲು ಬಂದವರು ಮೂಗಿಗೆ ಸೆರಗು ಹಿಡಿದು ಬಾಗಿಲಿಂದಲೇ ಹೊರಳುತ್ತಿದ್ದರು. ನಾಲ್ಕು ಮಂದಿ ಒಳಗೆ ಬಂದು ಕೂರಲಿ ಎಂದು ಒಂದು ಕಟ್ಟು ಮಲ್ಲಿಗೆ ಊದಿನಕಡ್ಡಿ ತಂದು ಹಚ್ಚಿಟ್ಟಿದ್ದ.

"ಎಲ್ಲೆ ಇಟ್ಟಿ?"

"ತಲಿದೆಸಿಗೆ. ತಂಬಿಗ್ಯಾಗ ಜ್ವಾಳ ತುಂಬಿ ನಿಲ್ಲಿಸಿದ್ದೆ."

ತಾಯಿ ಮಡಿಲ ಸಿಪ್ಪೆ ಕೊಡವಿ ಎದ್ದಳು. ಚಾಪೆ ಹಾಸಿ ಮಲಗಿಕೋ ಎಂದಳು. ಗದಿಗೆಪ್ಪ ಮಲಗಿದ. ಅವಳು ಒಂದು ತಂಬಿಗೆಯಲ್ಲಿ ಜೋಳ ತುಂಬಿ, ಊದಿನಕಡ್ಡಿ ಹಚ್ಚಿ ನಿಲ್ಲಿಸಿ, ಅವನ ತಲೆದೆಸೆಗೆ ತಂದಿಟ್ಟಳು.

ಅಷ್ಟರಲ್ಲಿ ಅಡಿಗೆಯ ರುದ್ರವ್ವ ನೀರಿನ ಕೊಡ ಹೊತ್ತು ಒಳಗೆ ಬಂದಳು. ಚಾಪೆ ನೋಡಿದಳು, ಹೊಗೆ ನೋಡಿದಳು, ಕೊಡ ಇಳಿಸಿ ಬಾಯಿಗೆ ಸೆರಗು ಹಿಡಿದಳು. "ಅಯ್ಯ ಶಿವನ, ಮುಂಜಾನಿ ರೊಟ್ಟಿ ತಿಂದು ಹೋಗಿದ್ದನಲ್ಲ" ಎಂದಳು.

ಗದಿಗೆಪ್ಪ ದಡಕ್ಕನೆ ಎದ್ದು ಕೂತ.

"ಯಾಕ ಎದ್ದಿ?" ಎಂದಳು ತಾಯಿ.

ಊರಲ್ಲಿ ಯಾವ ಮನೆಯಲ್ಲಿ, ಯಾರ ತಲೆದೆಸೆಗೆ ಹಾಗೆ ಜೋಳದಲ್ಲಿ ಕಡ್ಡಿ ನಿಲ್ಲಿಸುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಎಷ್ಟೋ ಹೆಣಗಳ ಪಕ್ಕದಲ್ಲಿ ಕೂತು ಅವನೇ ಪದ ಹಾಡಿದ್ದ. ಉಸಿರಾಡುವ ಮನುಷ್ಯನಿಗೆ ತಾನೇ ಆ ಏರ್ಪಾಡು ಮಾಡಿ ಬಂದೆನಲ್ಲ ಎಂದು ತಲೆ ಹಿಡಿದುಕೊಂಡ.

ತಾಯಿ ಬೈಯಲಿಲ್ಲ. ಒಲೆಯ ಹತ್ತಿರದ ತಣ್ಣನೆಯ ಇದ್ದಿಲನ್ನು ಬುಟ್ಟಿಗೆ ತುಂಬಿ ಅವನ ತಲೆಯ ಮೇಲಿಟ್ಟಳು. ರೋಗಿ ಮಲಗಿದ ಹೊರಸಿನ ಕೆಳಗೆ ಇದ್ದಿಲು ಇಟ್ಟರೆ ನಾತ ಸ್ವಲ್ಪ ತಗ್ಗುತ್ತದೆ, ಹುಣ್ಣಿನ ಮೇಲೆ ಉದುರಿಸಲು ಗುಳಿಗೆಯ ಪುಡಿಯೂ ಇದೆ, ಎರಡನ್ನೂ ನರ್ಸಮ್ಮ ಹೇಳಿಕೊಟ್ಟಿದ್ದಾಳೆ ಎಂದು ಬರಮಪ್ಪನ ಮನೆಗೆ ಹೋಗುವ ದಾರಿಯಲ್ಲಿ ಹೇಳಿದಳು.

"ಮೊದಲ ಯಾಕ ಹೇಳಲಿಲ್ಲ ತಾಯಿ?"

"ನೀ ಕೇಳಲಿಲ್ಲ. ಊದಿನಕಡ್ಡಿ ಕೈಗೆ ಸಮೀಪ ಇತ್ತು."

ಕಾಳವ್ವ ತಾಯಿಯ ಮುಖ ನೋಡಿ ಬಾಗಿಲು ಬಿಟ್ಟಳು. ಒಳಗೆ ಕಾಲಿಟ್ಟ ಕೂಡಲೇ ಗದಿಗೆಪ್ಪ ಉಸಿರು ಬಿಗಿಹಿಡಿದ. ತಾಯಿ ಹೊರಸಿನ ತಲೆದೆಸೆಗೆ, ತಂಬಿಗೆ ಇದ್ದ ಜಾಗದಲ್ಲಿಯೇ, ಕೂತಳು.

"ನಾತ ಐತ್ರಿ ತಾಯಿ. ದೂರ ಕುಂದರ್ರಿ" ಎಂದ ಬರಮಪ್ಪ, ಗೋಡೆಗೆ.

"ಹೌದಪಾ. ಐತಿ."

ಆಮೇಲೆ ಬರಮಪ್ಪ ಮೆಲ್ಲಗೆ ಈ ಕಡೆ ಹೊರಳಿದ.

"ಎಲ್ಲಾರೂ ಏನೂ ಇಲ್ಲ, ಏನೂ ಇಲ್ಲ ಅಂತಿದ್ದರು" ಎಂದ. ಅವನ ಕಣ್ಣು ತುಂಬಿದ್ದವು. "ನನ್ನ ಹರಗೋಲಿನ್ಯಾಗ ಮೀನಿನ ಬುಟ್ಟಿ ಬಂದಾವ, ಹಸಿ ತೊಗಲು ಬಂದಾವ. ನಾತ ಅಂತ ನಾ ಒಬ್ಬರನ್ನೂ ಇಳಿಸಿಲ್ಲ."

ಗದಿಗೆಪ್ಪನಿಗೆ ಸಮಾಧಾನದ ಮಾತು ನೂರು ಗೊತ್ತಿದ್ದವು. ಅವನ್ನೆಲ್ಲ ಬಿಟ್ಟು ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, "ತಪ್ಪಾತೋ ಬರಮಪ್ಪ. ಆ ಕಡ್ಡಿ ನಾ ನಿನಗ ಹಚ್ಚಿದ್ದಲ್ಲ, ನನ್ನ ಮೂಗಿಗೆ ಹಚ್ಚಿದ್ದು" ಎಂದ.

ಬರಮಪ್ಪ ಅವನನ್ನು ದಿಟ್ಟಿಸಿ ನೋಡಿದ. "ಪುರಾಣದಾವ ಇವತ್ತ ಒಂದ ಖರೇ ಮಾತ ಹೇಳಿದ ನೋಡ್ರಿ" ಎಂದ. ನಗಲು ಹೋಗಿ ಕೆನ್ನೆ ನೋಯಿತು, ಆದರೂ ನಕ್ಕ.

ಗದಿಗೆಪ್ಪ ಇದ್ದಿಲು ಇಟ್ಟ, ಹುಣ್ಣು ತೊಳೆದ, ಪುಡಿ ಉದುರಿಸಿ ಅರಿವೆ ಕಟ್ಟಿದ. ತಾಯಿ ತನಗೆ ಹಸಿವಾಗಿದೆ ಎಂದಳು. ಕಾಳವ್ವ ಅವಸರದಿಂದ ಅಂಬಲಿ ಕಾಸಿ ಮೂವರಿಗೂ ಬಟ್ಟಲಲ್ಲಿ ತಂದಳು. ಆ ಮನೆಯಲ್ಲಿ ಹೊರಗಿನವರು ಕೂತು ಏನಾದರೂ ಕುಡಿದು ಎಷ್ಟೋ ದಿನವಾಗಿತ್ತು.

ತಾಯಿ ಕುಡಿದಳು. ಬರಮಪ್ಪ ಅವಳನ್ನು ನೋಡುತ್ತ ಗುಟುಕು ಗುಟುಕಾಗಿ ಕುಡಿದ, ಗುಳಿಗೆಯನ್ನೂ ನುಂಗಿದ. ಗದಿಗೆಪ್ಪನ ಹೊಟ್ಟೆ ಮಾತ್ರ ಅರ್ಧ ಬಟ್ಟಲಿಗೇ ತೊಳಸಿತು. ಎದ್ದು ಹಿತ್ತಿಲಿಗೆ ಓಡಿದ, ಕುಡಿದದ್ದನ್ನೆಲ್ಲ ಕಾರಿಕೊಂಡ. ಬಾಯಿ ಮುಕ್ಕಳಿಸಿ ಬೇಲಿ ಹಿಡಿದು ನಿಂತ. ಅಲ್ಲಿಂದಲೇ ಹೋಗಿಬಿಡಬಹುದಿತ್ತು.

ತಿರುಗಿ ಒಳಗೆ ಬಂದ. ಬರಮಪ್ಪ ಕಾಲು ಸ್ವಲ್ಪ ಮಡಚಿ ಹೊರಸಿನ ಮೇಲೆ ಅವನಿಗೆ ಜಾಗ ಮಾಡಿದ. ಗದಿಗೆಪ್ಪ ಅಲ್ಲಿ ಕೂತು ಉಳಿದ ಅಂಬಲಿ ಕುಡಿದ.

ಹೊತ್ತು ಇಳಿದ ಮೇಲೆ ಇಬ್ಬರೂ ಹೊಳೆದಂಡೆ ಹಿಡಿದು ಹೊರಟರು. ಬಹಳ ದೂರದವರೆಗೆ ಗದಿಗೆಪ್ಪ ತಲೆ ತಗ್ಗಿಸಿಯೇ ನಡೆದ.

"ನಿಮಗ ನಾತ ಬರಲಿಲ್ಲೇನ್ರಿ ತಾಯಿ?" ಎಂದ ಕೊನೆಗೆ.

"ಬಂತು."

"ಹೊಟ್ಟಿ ತೊಳಸಲಿಲ್ಲೇನ್ರಿ?"

"ತೊಳಸಿತು."

"ಮತ್ತ ಹೆಂಗ ಏಳದ ಕುಂತ್ರಿ?"

ತಾಯಿ ನಿಂತು ಅವನ ಕಡೆ ತಿರುಗಿದಳು.

"ಅಂವಗ ಅಲ್ಲಿಂದ ಎದ್ದು ಬರಾಕ ಆಗೂದಿಲ್ಲಲ್ಲೋ ಗದಿಗೆಪ್ಪ."