ಒರೆಸಬಾರದ ಗಾಜು

“ಹರಳುಕೋಟೆಯ ಪ್ರಜೆಗಳೇ, ಕೇಳಿ! ತೀರಿಕೊಂಡ ಯುವರಾಜರ ಚಿತ್ರಕತೆ ಪುಸ್ತಕದ ಹಾಳೆಗಳನ್ನು ಗಾಜು ಬಿಚ್ಚದೆ, ಬೆಳಕು ಹೊಳೆಯದಂತೆ, ಯಾರ ಬಿಂಬವೂ ಬೀಳದಂತೆ ಫೋಟೋ ತೆಗೆದುಕೊಟ್ಟವರಿಗೆ ಕೇಳಿದ್ದನ್ನು ಕೊಡಲಾಗುವುದು. ಅದಕ್ಕೆ ಮೊದಲು ರಾಜಕುಮಾರಿ ಅಮ್ಮಣ್ಣಿಯವರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆದಂಡ.”

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. ಒಂದು ಫೋಟೋಕ್ಕೆ ತಲೆ ಯಾಕ್ರೀ ಅಂತ ನೀವು ಕೇಳಬಹುದು. ಮಗ ಸತ್ತ ಅರಮನೆಗೆ ಬೇರೆಯವರ ಮಕ್ಕಳ ತಲೆ ಹಗುರವಾಗಿ ಕಂಡಿತು, ಏನು ಹೇಳೋಣ!

ಆ ಪುಸ್ತಕ ಹಡಗಿನಲ್ಲಿ ಬಂದದ್ದು, ರಾಜ್ಯಕ್ಕೆಲ್ಲ ಒಂದೇ ಪ್ರತಿ. ಮಗ ಮುಟ್ಟಿ ಹಾಳುಮಾಡುತ್ತಾನೆಂದು ರಾಜ ಅದರ ಒಂದೊಂದು ಹಾಳೆಗೂ ಗಾಜಿನ ಚೌಕಟ್ಟು ಹಾಕಿಸಿದ್ದ. ಏಳು ವರ್ಷದ ಯುವರಾಜ ಚೆನ್ನವೀರ ಜ್ವರದಲ್ಲಿ ಮಲಗಿಕೊಂಡೇ ಗಾಜಿನ ಮೇಲೆ ಬೆರಳಿಟ್ಟು ಚಿತ್ರ ಓದುತ್ತಿದ್ದ. ಪಾಪ, ಕಾಗದ ಹೇಗಿರುತ್ತದೆಂದು ಆ ಕೂಸಿಗೆ ಕೊನೆಗೂ ಗೊತ್ತಾಗಲಿಲ್ಲ. ಅವನು ಹೋದ ಮೇಲೆ ಬಣ್ಣ ದಿನೇದಿನೇ ಮಾಸತೊಡಗಿತು. ಪೂರ್ತಿ ಅಳಿಯುವ ಮೊದಲು ಫೋಟೋ ಬೇಕೆಂದು ಅಕ್ಕ ಹೊನ್ನಾಜಮ್ಮಣ್ಣಿ ಹಟ ಹಿಡಿದಳು.

ಮೊದಲು ಬಂದವನು ಪೇಟೆಯ ದೊಡ್ಡ ಸ್ಟುಡಿಯೋದವನು. ಎದುರಿಗೆ ದೀಪ ಹಿಡಿದರೆ ಕಾಣದು, ಓರೆಗೆ ಹಿಡಿದರೆ ಕಾಣುತ್ತದೆ, ಅದೇನು ಎಂದು ಅಮ್ಮಣ್ಣಿ ಕೇಳಿದಳು. ಅವನು ಕತ್ತಲೆ ಎಂದ. ಕತ್ತಲೆ ಓರೆ ದೀಪಕ್ಕೂ ಕಾಣುವುದಿಲ್ಲವಲ್ಲ, ಅವನ ತಲೆ ಹೋಯಿತು. ಎರಡನೆಯವನು ಅದನ್ನು ಬಿಡಿಸಿದ. ಆದರೆ ಕರೆಯದೆ ಬಂದು ಚಿತ್ರದ ನಡುವೆ ನಿಲ್ಲುವವನು ಯಾರೆಂದು ಕೇಳಿದಾಗ ನೆರಳು ಎಂದ. ನೆರಳಿಗೆ ಮುಖವಿಲ್ಲ, ಇವನಿಗಿದೆ ಎಂದಳು ಅಮ್ಮಣ್ಣಿ. ಅವನೂ ಹೋದ.

ಮೂರನೆಯವನು ಓಬಳೇಶ. ಎರಡನ್ನು ಸಲೀಸಾಗಿ ಬಿಡಿಸಿ ಮೂರನೆಯದರಲ್ಲಿ ಎಡವಿದ. ಅವನ ತಲೆಯೂ ಉರುಳಿತು, ಕ್ಯಾಮೆರಾ ಅರಮನೆಯಲ್ಲೇ ಉಳಿಯಿತು.

ಓಬಳೇಶನ ತಮ್ಮ ತಿಪ್ಪೇಶಿ. ತಾಯಿ ತಂದೆ ಇಲ್ಲದವನನ್ನು ಅಣ್ಣನೇ ಸಾಕಿದ್ದ. ಊರೂರು ತಿರುಗಿ, ಸತ್ತವರ ಹಳೇ ಪಟಗಳ ಫೋಟೋ ತೆಗೆದು ದಾಯಾದಿಗಳಿಗೆ ಪ್ರತಿ ಮಾಡಿಕೊಡುವುದು ತಿಪ್ಪೇಶಿಯ ಕಸುಬು. ಸ್ಟುಡಿಯೋದವರು ಇವನನ್ನು ಹೆಣದ ಫೋಟೋದವ ಎಂದು ಆಡಿಕೊಳ್ಳುತ್ತಿದ್ದರು. ಅಣ್ಣನ ಗುರುತೆಂದು ಮನೆಯಲ್ಲಿ ಒಂದು ಚೂರೂ ಇರಲಿಲ್ಲ. ಆ ಕ್ಯಾಮೆರಾ ಒಂದು ಸಿಕ್ಕರೆ ಸಾಕು, ಇಲ್ಲವಾದರೆ ಅಣ್ಣ ಹೋದ ದಾರಿಯಲ್ಲೇ ಹೋಗುತ್ತೇನೆಂದು ತನ್ನ ಕ್ಯಾಮೆರಾ ಹಿಡಿದು, ಹೆಗಲಿಗೆ ಕರೀ ಕಂಬಳಿ ಹಾಕಿಕೊಂಡು ಹೊರಟ.

ಮೊದಲ ಒಗಟಿಗೆ ತಿಪ್ಪೇಶಿ, ಗಾಜಿನ ಹಿಂದಿನ ಚಿತ್ರ ಎಂದ. ಎದುರಿನ ಬೆಳಕು ಗಾಜಿಗೆ ಬಡಿದು ನೇರ ಕಣ್ಣಿಗೇ ವಾಪಸ್ಸು ಬರುತ್ತದೆ. ಎಡಕ್ಕೊಂದು ಬಲಕ್ಕೊಂದು ದೀಪ ಓರೆಯಾಗಿಟ್ಟರೆ ಹೊಳಪು ಆಚೆ ಜಾರಿ ಚಿತ್ರ ಉಳಿಯುತ್ತದೆ ಎಂದು ವಿವರಿಸಿದ. ಎರಡನೆಯದಕ್ಕೆ, ಕರೆಯದೆ ಬರುವವನು ಫೋಟೋ ತೆಗೆಯುವವನೇ ಎಂದ. ಅವನ ಮುಖ, ಅವನ ಬಿಳೀ ಅಂಗಿ ಎಲ್ಲ ಗಾಜಿನಲ್ಲಿ ಬೀಳುತ್ತವೆ. ಕಿಟಕಿ ಮುಚ್ಚಿ, ಕರೀ ಕಂಬಳಿಗೆ ತೂತು ಮಾಡಿ, ಅದರಲ್ಲಿ ಕ್ಯಾಮೆರಾದ ಕಣ್ಣು ಮಾತ್ರ ತೂರಿಸಿ ಹಿಂದೆ ನಿಂತರೆ ಅವನು ಮಾಯ.

ಅಮ್ಮಣ್ಣಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಮೂರನೆಯದನ್ನು ಕೇಳಿದಳು: “ಫೋಟೋದವರೆಲ್ಲ ಕ್ಯಾಮೆರಾ ಹೂಡೋ ಮೊದಲು ಒಂದು ಕೆಲಸ ಮಾಡ್ತಾರೆ. ಅದನ್ನ ಇಲ್ಲಿ ಮಾಡಿದರೆ ನನ್ನ ತಮ್ಮ ಇನ್ನೊಂದು ಸಲ ಸಾಯ್ತಾನೆ. ಯಾವ ಕೆಲಸ?”

ದೀಪ ಹಚ್ಚುವುದು ಎಂದು ಓಬಳೇಶ ಹೇಳಿದ್ದು ಈ ಒಗಟಿಗೇ. ತಿಪ್ಪೇಶಿ ಚೌಕಟ್ಟಿನ ಹತ್ತಿರ ಬಗ್ಗಿ ನೋಡಿ ಹೇಳಿದ:

“ಗಾಜು ಒರೆಸೋದು, ಅಮ್ಮಣ್ಣಿ. ಕಸುಬು ಕಲಿಯೋವಾಗ ಒಂದು ಮನೇಲಿ ಪಟದ ಮೇಲಿನ ಕುಂಕುಮ ಒರೆಸಿಬಿಟ್ಟೆ. ಅದನ್ನ ಇಟ್ಟಿದ್ದ ತಾಯಿ ಹಿಂದಿನ ವಾರ ತೀರಿಕೊಂಡಿದ್ದರಂತೆ. ಮನೆಯವರು ಬೈಯಲಿಲ್ಲ, ಕೂತು ಅತ್ತರು. ಅವತ್ತಿಂದ ನಾನು ಯಾರ ಪಟವನ್ನೂ ಒರೆಸಿಲ್ಲ. ಈ ಗಾಜಿನ ಮೇಲೆ ಯುವರಾಜ ಬುದ್ಧಿಯವರ ಬೆರಳ ಗುರುತಿದೆ.”

ಅಮ್ಮಣ್ಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಿಪ್ಪೇಶಿ ಹಾಳೆಗೆ ಎರಡರಂತೆ ಫೋಟೋ ತೆಗೆದ. ಒಂದರಲ್ಲಿ ಗಾಜೇ ಇಲ್ಲವೇನೋ ಅನ್ನುವ ಹಾಗೆ ಚಿತ್ರಕತೆ ಬಂತು. ಇನ್ನೊಂದಕ್ಕೆ ಒಂದೇ ದೀಪವನ್ನು ಗಾಜಿನ ಅಂಚಿಗೆ ತಗ್ಗಿಸಿ ಹಿಡಿದ. ಅದರಲ್ಲಿ ಪುಟ್ಟ ಪುಟ್ಟ ಬೆರಳಿನ ಗುರುತುಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಿದ್ದವು. ಕೊನೆಯ ಹಾಳೆಯ ಅರ್ಧಕ್ಕೆ ನಿಂತಿದ್ದವು. ಕತೆ ಮುಗಿಸದೇ ಹೋದನೇ ನನ್ನ ಮಗ ಎಂದು ರಾಜ ಎಲ್ಲರೆದುರಿಗೇ ಅತ್ತ.

ಏನು ಬೇಕಾದರೂ ಕೇಳು, ಅರ್ಧ ರಾಜ್ಯ ಬೇಕಾದರೂ ಕೊಡುತ್ತೇನೆ ಎಂದ ರಾಜ. ತಿಪ್ಪೇಶಿ ಅಣ್ಣನ ಕ್ಯಾಮೆರಾ ಕೇಳಿದ. ಅಣ್ಣನ ಬೆವರು, ಅಣ್ಣನ ಹೆಬ್ಬೆಟ್ಟಿನ ಗುರುತು ಅದರಲ್ಲಿರುತ್ತದೆಂದು ಅವನ ಆಸೆ.

ಅರಮನೆಯ ಊಳಿಗದವನು ಅದನ್ನು ತಂದಿಟ್ಟ. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ದಿನಾ ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ಒಂದು ಕಲೆ ಉಳಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ತಿಪ್ಪೇಶಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲ ಕಡೆಯೂ ತನ್ನ ಮುಖವೇ ಕಾಣಿಸಿತು.

“ನನಗೆ ಗೊತ್ತಾಗಲಿಲ್ಲ ತಿಪ್ಪೇಶಿ,” ಎಂದಳು ಅಮ್ಮಣ್ಣಿ.

“ಗೊತ್ತಿತ್ತು ಅಮ್ಮಣ್ಣಿ. ನಿಮ್ಮ ತಮ್ಮನ ಮಟ್ಟಿಗೆ ಗೊತ್ತಿತ್ತು.”

ಅವಳು ತಲೆ ತಗ್ಗಿಸಿದಳು. ತಲೆದಂಡದ ಆಜ್ಞೆಯನ್ನು ಆ ದಿನವೇ ತೆಗೆದುಹಾಕಿದರು. ಹೋದ ಮೂವರಿಗೆ ಅದರಿಂದ ಏನು ಬಂತು!

ಹೊರಡುವಾಗ ಊಳಿಗದವನು ಒಂದು ಕೊಳಕು ಕಪ್ಪು ಬಟ್ಟೆ ತಂದು, ಕ್ಯಾಮೆರಾದ ಹಿಂದೆ ತಲೆಗೆ ಹೊದ್ದುಕೊಳ್ಳುವ ಈ ಬಟ್ಟೆಯೂ ನಿಮ್ಮಣ್ಣನದೇ, ಮೂಲೆಯಲ್ಲಿ ಬಿದ್ದಿತ್ತು, ಒಗೆಯುವುದನ್ನು ಮರೆತೆ ಎಂದು ಕ್ಷಮೆ ಕೇಳಿದ. ತಿಪ್ಪೇಶಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಅದನ್ನು ತಲೆಯ ಮೇಲೆ ಎಳೆದುಕೊಂಡ. ಒಳಗೆ ಅಣ್ಣ ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆಯ ವಾಸನೆ ಇತ್ತು. ಅವನಾಗಿ ಎದ್ದು ಹೋಗುವವರೆಗೂ ಅವನನ್ನು ಯಾರೂ ಏಳಿಸಬಾರದೆಂದು ಅಮ್ಮಣ್ಣಿ ಹೇಳಿ ಕಳಿಸಿದಳು.