ಸವೆಯದ ಸಾಬೂನು

"ಗುರುಗಳೇ, ಸವೆಯದೆ ಸೇವೆ ಮಾಡುವುದು ಹೇಗೆ?"

ಕೇಳಿದವನು ಗುರುಶಾಂತ. ಗುರುಗಳು ಹಾಸಿಗೆ ಹಿಡಿದ ಮೇಲೆ ಅವರನ್ನು ನೋಡಿಕೊಳ್ಳಲು ಉಳಿದ ಶಿಷ್ಯ ಅವನೊಬ್ಬನೇ. ಎತ್ತಿ ಕೂರಿಸುವುದು, ಮಲಗಿಸುವುದು, ಮೈ ಒರೆಸುವುದು, ಹಾಸಿಗೆಯ ಬಟ್ಟೆ ಒಗೆಯುವುದು, ಎಲ್ಲವೂ ಅವನ ಪಾಲಿಗೇ ಬಂದಿತ್ತು. ಆಗ ತಾನೇ ಒಗೆದ ಬಟ್ಟೆಗಳನ್ನು ಒಣಹಾಕಿ ಬಂದು ಗೋಡೆಗೆ ಒರಗಿ ಕೂತಿದ್ದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

"ನಿಮ್ಮ ಸೇವೆ ಭಾರವೆಂದು ಹೇಳುತ್ತಿಲ್ಲ. ಎಷ್ಟು ಮಾಡಿದರೂ ನಾಳೆ ಮತ್ತೆ ಅಷ್ಟೇ ಇರುತ್ತದೆ. ಮೈ ಸವೆಯುತ್ತದೆ, ಮನಸ್ಸೂ ಸವೆಯುತ್ತದೆ. ಸಾಕಾಗಿಹೋಗಿದೆ," ಎಂದ.

"ಸಾಕಾಗಿಹೋಗಿದೆ ಅಂದೆಯಲ್ಲ, ಅದು ನಿನ್ನ ಮಾತು. ಮೊದಲು ಕೇಳಿದ್ದು ಯಾವುದೋ ಪುಸ್ತಕದ್ದು," ಎಂದರು ಗುರುಗಳು. ಅವರಿಗೂ ದಣಿವಾಗಿತ್ತು. ಕಣ್ಣು ಮುಚ್ಚಿಕೊಂಡೇ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಗಾಡಿ ಹೊಡೆಯುವವನು. ಒಮ್ಮೆ ಊರು ಬಿಟ್ಟರೆ ಬೇಗ ಬರುವವನಲ್ಲ. ಮನೆಯಲ್ಲಿ ಉಳಿದವಳು ಅತ್ತೆ. ಆಕೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅಲ್ಲೇ ಊಟ, ಅಲ್ಲೇ ಮಿಕ್ಕದ್ದೆಲ್ಲ. ಬಿಡಿಸಿ ಹೇಳಬೇಕಾಗಿಲ್ಲ, ನಿನಗೆ ಗೊತ್ತಿದೆ. ಸೀಗೆಪುಡಿಯಲ್ಲಿ ತಿಕ್ಕಿದರೂ ಬಟ್ಟೆಯ ವಾಸನೆ ಹೋಗುತ್ತಿರಲಿಲ್ಲ. ಸರಿಯಾಗಿ ಶುಚಿಯಾಗದ ಬಟ್ಟೆಯ ಮೇಲೆ ಮಲಗಿ ಮಲಗಿ ಮುದುಕಿಯ ಬೆನ್ನು ಹುಣ್ಣಾಯಿತು. ಆ ಹುಣ್ಣು ಮಾಯಬೇಕು. ಸೊಸೆಗೆ ಬೇಕಾಗಿದ್ದದ್ದು ಅಷ್ಟೇ. ಆ ಸೀಮೆಯಲ್ಲಿ ಸಾಬೂನು ಸಿಗುತ್ತಿರಲಿಲ್ಲ, ಹಾಗಾಗಿ ಮನೆಯಲ್ಲೇ ಮಾಡಲು ಹೊರಟಳು.

ಎಣ್ಣೆ ಮಾರುವ ವರ್ತಕನೊಬ್ಬ ಅವಳಿಗೆ ದಾರಿ ಹೇಳಿಕೊಟ್ಟ. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ಸುಣ್ಣ ಬೆರೆಸಿ, ತಿಳಿಯನ್ನು ಬಸಿದುಕೊಳ್ಳಬೇಕು. ಆ ತಿಳಿಯಲ್ಲಿ ಎಣ್ಣೆ ಹಾಕಿ ಕುದಿಸಬೇಕು. ಕೊನೆಗೆ ಉಪ್ಪು ಹಾಕಿದರೆ ಗಟ್ಟಿಯಾಗುತ್ತದೆ. ಹೇಳುವುದಕ್ಕೆ ಇಷ್ಟೇ. ಮಿಕ್ಕದ್ದೆಲ್ಲ ಹದ, ಅದನ್ನು ಯಾರೂ ಹೇಳಿಕೊಡಲು ಬರುವುದಿಲ್ಲ.

ಮೊದಲ ಸಲ ಎಣ್ಣೆಯೇ ಬೇರೆ, ನೀರೇ ಬೇರೆ ನಿಂತಿತು. ಹೊತ್ತು ಮುಳುಗುವ ತನಕ ತಿರುವಿದಳು, ತೋಳು ಸೋತುಹೋಯಿತು, ಎರಡೂ ಒಂದಾಗಲಿಲ್ಲ. ಬೂದಿಯ ತಿಳಿ ತೀರಾ ಸಪ್ಪೆಯಾಗಿತ್ತು. ನಗಬೇಡ, ನಿನ್ನ ಕೈಗೆ ಕೊಟ್ಟಿದ್ದರೆ ಪಾತ್ರೆಯನ್ನೂ ಸೀಯಿಸುತ್ತಿದ್ದೆ.

ಮುಂದಿನ ಸಲ ತಿಳಿಯನ್ನು ಚೆನ್ನಾಗಿ ಕುದಿಸಿ ಬತ್ತಿಸಿದಳು. ಸಾಬೂನು ಗಟ್ಟಿಯಾಗಿ ಕೂತಿತು. ಹಿಗ್ಗಿ ಹೀರೇಕಾಯಿಯಾದಳು. ಅದೇ ಹಿಗ್ಗಿನಲ್ಲಿ ಒಣಗಲೂ ಬಿಡದೆ ಬಟ್ಟೆ ಒಗೆದಳು, ಅತ್ತೆಯ ಬೆನ್ನನ್ನೂ ತೊಳೆದಳು. ಬೂದಿ-ಸುಣ್ಣದ ಖಾರಕ್ಕೆ ಇವಳ ಅಂಗೈ ಸುಲಿಯಿತು, ಮುದುಕಿ ಉರಿ ತಾಳಲಾರದೆ ಕೂಗಿಕೊಂಡಳು. ಅಯ್ಯೋ, ಹುಣ್ಣು ಮಾಯಿಸಲು ಹೋಗಿ ಹುಣ್ಣನ್ನೇ ಸುಟ್ಟೆನಲ್ಲ ಎಂದು ಒಲೆಯ ಮುಂದೆ ಕೂತು ಅತ್ತಳು. ಅಂದಿನಿಂದ, ಹೊಸ ಸಾಬೂನಿಗೆ ಮೊದಲು ನಾಲಿಗೆಯ ತುದಿ ತಾಗಿಸಿ ನೋಡುತ್ತಿದ್ದಳು. ಚುರ್ ಎಂದರೆ ಅದು ಇನ್ನೂ ಆಗಿಲ್ಲ, ಮತ್ತೆ ಎಣ್ಣೆ ಹಾಕಿ ಕುದಿಸಬೇಕು. ಚುರ್ ಎನ್ನದಿದ್ದರೆ ನೆರಳಿನಲ್ಲಿ ಒಣಗಲು ಇಡಬೇಕು.

ಹೀಗೆ ಕೆಡಿಸಿ ಕೆಡಿಸಿ ಕೊನೆಗೆ ಒಳ್ಳೆಯ ಸಾಬೂನು ಕೈಗೆ ಬಂತು. ನೊರೆ ಬಂತು, ವಾಸನೆ ಹೋಯಿತು. ಬಟ್ಟೆ ಮೆತ್ತಗಾಯಿತು. ಬೆನ್ನಿನ ಹುಣ್ಣು ಒಣಗತೊಡಗಿತು. "ಇವತ್ತು ಕಣ್ತುಂಬ ನಿದ್ದೆ ಬಂತು ಕಣವ್ವ," ಎಂದಳು ಅತ್ತೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಾಬೂನು ಮುಗಿಯಿತು.

ಮತ್ತೆ ಬೂದಿ ಜರಡಿ ಹಿಡಿ, ಮತ್ತೆ ತಿಳಿ ಬಸಿ, ಮತ್ತೆ ಒಲೆಯ ಮುಂದೆ ಕೂತು ತಿರುವು. ಅದು ಒಣಗಿ ಕೈಗೆ ಬರುವಷ್ಟರಲ್ಲಿ ಹಳೆಯದು ಮುಗಿದಿರುತ್ತಿತ್ತು. ಇವಳು ಮಾಡುವುದು, ಅದು ಕರಗುವುದು. ಒಗೆಯುವ ಕಲ್ಲಿನ ಮುಂದೆ ಕೂತರೆ ಅವಳ ಕಣ್ಣು ಬಟ್ಟೆಯ ಮೇಲೆ ಇರುತ್ತಿರಲಿಲ್ಲ. ಸಾಬೂನು ಎಷ್ಟು ಸಣ್ಣದಾಯಿತು ಎಂದು ಅದನ್ನೇ ನೋಡುತ್ತಿದ್ದಳು. ದಣಿದವರಿಗೆ ಯಾರ ಮೇಲಾದರೂ ಸಿಟ್ಟು ಬರಲೇಬೇಕು. ಒಳ್ಳೆಯ ಹೆಂಗಸು, ಅವಳ ಸಿಟ್ಟು ಅತ್ತೆಯ ಮೇಲೆ ಹೋಗಲಿಲ್ಲ. ಸಾಬೂನಿನ ಮೇಲೆ ಹೋಯಿತು.

ವರ್ತಕನ ಹತ್ತಿರ ಹೋಗಿ, "ಅಣ್ಣಾ, ಇದು ಬೇಗ ಸವೆಯದ ಹಾಗೆ ಏನಾದರೂ ಉಪಾಯ ಉಂಟೇ?" ಎಂದು ಕೇಳಿದಳು.

"ಇಲ್ಲದೆ ಏನು ತಂಗಿ? ಬಳಪದ ಕಲ್ಲನ್ನು ನುಣ್ಣಗೆ ಪುಡಿ ಮಾಡಿ ಬೆರೆಸು. ಗಟ್ಟಿಯಾಗುತ್ತದೆ, ಬಹಳ ದಿನ ಬರುತ್ತದೆ," ಎಂದ ವರ್ತಕ. ಅವನು ಸುಳ್ಳು ಹೇಳಲಿಲ್ಲ. ಅವಳು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟ.

ಒಂದು ಹಿಡಿ ಬೆರೆಸಿದಳು. ಸಾಬೂನು ಮೊದಲಿಗಿಂತ ಹೆಚ್ಚು ದಿನ ಬಂತು. ನೊರೆ ಸ್ವಲ್ಪ ಕಡಿಮೆಯಾಯಿತು, ಸ್ವಲ್ಪ ಹೆಚ್ಚು ತಿಕ್ಕಿದಳು. ಮುಂದಿನ ಸಲ ಇನ್ನಷ್ಟು ಬೆರೆಸಿದಳು, ಇನ್ನಷ್ಟು ತಿಕ್ಕಿದಳು. ನೆರೆಮನೆಯವಳು ಬಂದು ಸಾಬೂನನ್ನು ಕೈಯಲ್ಲಿ ತೂಗಿ ನೋಡಿ, "ಅಬ್ಬಬ್ಬಾ, ಎಂಥ ಗಟ್ಟಿ ಸಾಬೂನೇ ತಾಯಿ!" ಎಂದಳು. ಇವಳಿಗೆ ಹೆಮ್ಮೆಯಾಯಿತು. ಯಾಕಾಗಬಾರದು? ಎಣ್ಣೆ ನೀರು ಬೇರೆಬೇರೆ ನಿಂತಿದ್ದ ಕಡೆಯಿಂದ ಇಲ್ಲಿಯವರೆಗೆ ಬಂದಿದ್ದಳು. ಕೊನೆಗೊಮ್ಮೆ ಎಷ್ಟು ಒಗೆದರೂ ಮೂಲೆಯೂ ಸವೆಯದ ಸಾಬೂನು ಮಾಡಿದಳು. ಒಗೆದು ಮುಗಿದ ಮೇಲೂ ಅದು ಅಚ್ಚಿನಿಂದ ತೆಗೆದ ಹಾಗೆಯೇ ಇರುತ್ತಿತ್ತು.

ಸಾಬೂನು ಸವೆಯಲಿಲ್ಲ, ಸರಿ. ಬಟ್ಟೆಯ ಕೊಳೆ ಹೋಗಬೇಕಾದರೆ ಏನಾದರೂ ಒಂದು ಸವೆಯಲೇಬೇಕಲ್ಲ. ಅವಳ ಕೈ ಸವೆಯಿತು. ಬೆರಳ ಸಂದು ಬಿರಿಯಿತು, ಕೀಲು ಊದಿತು. ಅನ್ನ ಕಲಸಲು ಹೋದರೆ ಉರಿಯಾಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬಟ್ಟೆಯ ವಾಸನೆ ಮತ್ತೆ ಬಂತು. ಅತ್ತೆ ಒಮ್ಮೆ, "ಇವತ್ತು ಒಗೆಯಲಿಲ್ಲವೇನವ್ವ?" ಎಂದು ಕೇಳಿದಳು. "ಕೈ ಬಿದ್ದುಹೋಗುವ ಹಾಗೆ ಒಗೆದಿದ್ದೇನೆ!" ಎಂದು ಸೊಸೆ ಕಿರುಚಿದಳು. ಅದು ಅವಳು ಕಿರುಚಿದ ಮೊದಲ ದಿನ. ಮುದುಕಿ ಮತ್ತೆ ಕೇಳಲಿಲ್ಲ.

ಅಲ್ಲಿಂದ ಮುಂದೆ ಒಗೆಯುವ ಬಟ್ಟೆಗಳೇ ಕಡಿಮೆಯಾಗುತ್ತ ಬಂದವು. ಹಾಸಿಗೆ ಎಷ್ಟೋ ಸಲ ಒದ್ದೆಯೇ ಆಗಿರುತ್ತಿರಲಿಲ್ಲ. ಅತ್ತೆ ಸುಧಾರಿಸಿಕೊಳ್ಳುತ್ತಿದ್ದಾಳೆ, ದೇವರು ಕಡೆಗೂ ಕಣ್ಣು ಬಿಟ್ಟ ಎಂದುಕೊಂಡಳು ಸೊಸೆ. ಸಾಬೂನಂತೂ ಇದ್ದ ಹಾಗೆಯೇ ಇತ್ತು.

ಒಂದು ಮಧ್ಯಾಹ್ನ ಮಗ್ಗುಲು ಬದಲಿಸಲು ಅತ್ತೆಯನ್ನು ಎತ್ತಿದಳು. ಮೈಯಲ್ಲಿ ತೂಕವೇ ಇರಲಿಲ್ಲ. ತುಟಿ ಒಣಗಿ ಒಡೆದಿತ್ತು. ತಲೆದೆಸೆಯಲ್ಲಿ ಇಟ್ಟಿದ್ದ ನೀರು ಹಾಗೆಯೇ ಇತ್ತು. ಕೊಟ್ಟಿದ್ದ ಗಂಜಿಯನ್ನು ಮಂಚದ ಕೆಳಗಿನ ಪೀಕದಾನಿಗೆ ಸುರಿದಿದ್ದಳು ಮುದುಕಿ.

"ಯಾಕತ್ತೆ ಹೀಗೆ ಮಾಡಿದಿರಿ? ನೀರೂ ಕುಡಿದಿಲ್ಲವಲ್ಲ!"

"ಕುಡಿದರೆ ಹಾಸಿಗೆ ಒದ್ದೆಯಾಗುತ್ತದಲ್ಲವ್ವ," ಎಂದಳು ಅತ್ತೆ. "ನಿನ್ನ ಕೈ ನೋಡಿದೆ. ಕೇಳಲು ಬಾಯಿ ಬರಲಿಲ್ಲ."

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಉಸಿರು ಸಾಲದೆ ನಿಲ್ಲಿಸಿದರೋ, ಕತೆಯೇ ಮುಗಿಯಿತೋ, ಗುರುಶಾಂತನಿಗೆ ತಿಳಿಯಲಿಲ್ಲ.

"ಆಮೇಲೆ?" ಎಂದ.

"ಆಮೇಲೆ ಏನು? ಆ ಗಟ್ಟಿ ಸಾಬೂನನ್ನು ಹಿತ್ತಿಲಿಗೆ ಎಸೆದು ಮತ್ತೆ ಒಲೆ ಹೊತ್ತಿಸಿದಳು. ಕರಗುವ ಸಾಬೂನನ್ನೇ ಮಾಡಿದಳು. ಹೊಗಳಲು ಬಂದಿದ್ದ ನೆರೆಮನೆಯವಳನ್ನು ಬಟ್ಟೆ ಹಿಂಡಲು ಕರೆದಳು. ಕೈಲಾಗದ ದಿನ ‘ಅತ್ತೆ, ಇವತ್ತು ನನ್ನ ಕೈಲಾಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ ಅಲ್ಲೇ ಮಂಚದ ಪಕ್ಕದಲ್ಲಿ ಮಲಗಿಬಿಡುತ್ತಿದ್ದಳು. ದಣಿವು ಹೋಯಿತೇ ಎಂದು ಕೇಳಬೇಡ. ಹೋಗಲಿಲ್ಲ."

"ಅತ್ತೆ ಉಳಿದಳೇ?"

"ನೀರು ಕುಡಿದಳು," ಎಂದರು ಗುರುಗಳು.

ಕತೆ ಗುರುಶಾಂತನಿಗೆ ಹಿಡಿಸಿತ್ತು, ಆದರೆ ದಣಿದ ತಲೆಗೆ ಅದು ಎಲ್ಲಿಗೆ ತಾಗಬೇಕೆಂದು ಹೊಳೆಯಲಿಲ್ಲ. "ಗುರುಗಳೇ, ಸೊಸೆಯ ತಪ್ಪು ತಿಳಿಯಿತು. ಆದರೆ ನಾನು ಯಾವ ಬಳಪದ ಪುಡಿಯನ್ನೂ ಬೆರೆಸಿಲ್ಲ. ಇವತ್ತಿನವರೆಗೆ ದಣಿವನ್ನು ಒಮ್ಮೆಯೂ ನಿಮ್ಮ ಮುಂದೆ ತೋರಿಸಿಲ್ಲ. ಹಲ್ಲು ಕಚ್ಚಿಕೊಂಡು ಮಾಡಿದ್ದೇನೆ. ಈ ಕತೆಯಲ್ಲಿ ನಾನು ಎಲ್ಲಿದ್ದೇನೆ?" ಎಂದ.

ಗುರುಗಳು ಅವನ ಬಿರಿದ ಬೆರಳುಗಳ ಕಡೆ ನೋಡಿದರು. ಆಮೇಲೆ ಮುಖ ನೋಡಿದರು.

"ಈ ಕೈ ನೋಡಿದ ದಿನದಿಂದ ನಾನೂ ಬಾಯಾರಿಕೆಯನ್ನು ಅದುಮಿಕೊಂಡಿದ್ದೇನೆ ಗುರುಶಾಂತ, ಈಗ ಒಂದು ಲೋಟ ನೀರು ಕೊಡಪ್ಪ, ಕುಡಿಯುತ್ತೇನೆ."